ಬರೆ ಕಡಿದು ಕಟ್ಟಿದ ಮನೆ: ಕೊಡಗಿನಲ್ಲಿ ಹೊಸ ಮನೆ ಯಾರಿಗೆ, ಎಲ್ಲಿ?

ಏಪ್ರಿಲ್ ಕೊನೆಯಾಯಿತೆಂದರೆ ಮಡಿಕೇರಿಯಲ್ಲಿ ಜೆಸಿಬಿಗಳಿಗೆ ಪುರುಸೊತ್ತೇ ಇರುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಮೂರು-ನಾಲ್ಕು ತಿಂಗಳು ಕೆಲಸ ನಿಂತ ಹಾಗೇ. ಅಷ್ಟರೊಳಗೆ ಬರೆ ಕಡಿದು, ಜಾಗ ಸಮ ಮಾಡಿ, ಪಾಯ ಎಬ್ಬಿಸಬೇಕು ಅನ್ನುವ ಅವಸರ. ಬಯಲುಸೀಮೆಯ ಓದುಗರಿಗೆ 'ಬರೆ' ಅಂದರೆ ಸುಟ್ಟ ಗಾಯ ನೆನಪಾಗಬಹುದು. ಇಲ್ಲಿ ಹಾಗಲ್ಲ. ಗುಡ್ಡದ ಇಳಿಜಾರನ್ನು ಕಡಿದಾಗ ಹಿಂದೆ ಎದ್ದು ನಿಲ್ಲುತ್ತದಲ್ಲ ಮಣ್ಣಿನ ಗೋಡೆ, ಅದಕ್ಕೆ ಬರೆ ಅನ್ನುತ್ತೇವೆ. ಮಳೆಗಾಲದಲ್ಲಿ ಜಿಲ್ಲಾ ಸುದ್ದಿಯ ಪುಟ ತೆರೆದರೆ 'ಬರೆ ಕುಸಿತ' ಇಲ್ಲದ ದಿನ ಕಡಿಮೆ.

ಹೋದ ವರ್ಷ ನಮ್ಮ ಬೀದಿಯ ಮೇಲ್ಗಡೆ ಐದು ಸೆಂಟ್ (ಎಕರೆಯ ನೂರನೇ ಒಂದು ಭಾಗ ಒಂದು ಸೆಂಟ್) ಜಾಗದಲ್ಲಿ ಹೀಗೇ ಕೆಲಸ ಶುರುವಾಯಿತು. ಹಿಂದೆ ಎರಡಾಳು ಎತ್ತರ ಬರೆ ಕಡಿದರು. ಬಂದ ಮಣ್ಣನ್ನೆಲ್ಲ ಮುಂದಕ್ಕೆ ತಳ್ಳಿ ಅಂಗಳ ಮಾಡಿದರು. ಆ ಅಂಗಳದ ಅಂಚಿನ ಕೆಳಗೇ ಒಂದು ಹಳೇ ಹೆಂಚಿನ ಮನೆ ಇದೆ. ಅದರ ಯಜಮಾನಿ ಎಪ್ಪತ್ತು ದಾಟಿದವರು. ಕಂಟ್ರಾಕ್ಟರನ್ನು ನಿಲ್ಲಿಸಿ ಕೇಳಿದರು.

"ಈ ಮಣ್ಣು ನಮ್ಮ ಅಡುಗೆಮನೆ ಮೇಲೆ ಬರಲ್ವಾ?"

"ಏನೂ ಆಗಲ್ಲ ಆಂಟಿ, ತಡೆಗೋಡೆ ಕಟ್ಟಿಕೊಡ್ತೀವಿ."

"ಯಾವಾಗ?"

"ಮಳೆ ಬಿಟ್ಟ ಮೇಲೆ."

ಹೊಸ ಮನೆಗೂ ಹಳೇ ಬೀದಿಗೂ ಜಗಳ ಎಲ್ಲ ಊರಲ್ಲೂ ಇದೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಅದು ಬಿಸಿಲು, ಪಾರ್ಕಿಂಗ್, ಎಷ್ಟು ಮಹಡಿ ಅನ್ನುವ ಸುತ್ತ ನಡೆಯುತ್ತದೆ. ಇಲ್ಲಿ ಅದರ ಜೊತೆ ಮಣ್ಣು, ನೀರು ಸೇರಿಕೊಂಡಿವೆ. ಆದರೆ ನಮ್ಮ ಚರ್ಚೆ ಅಲ್ಲಿಗೆ ಹೋಗುವುದೇ ಅಪರೂಪ. ಹೊಸ ಕಟ್ಟಡದ ವಿಷಯ ಬಂದ ಕೂಡಲೇ ಒಬ್ಬರು "ಹೊರಗಿನವರು ಬಂದು ಕೊಡಗನ್ನು ಹಾಳು ಮಾಡಿದರು" ಎನ್ನುತ್ತಾರೆ. ಇನ್ನೊಬ್ಬರು "ಹಾಗಾದರೆ ನಾವು ಮನೇನೇ ಕಟ್ಟಬಾರದಾ?" ಎಂದು ತಿರುಗಿ ಕೇಳುತ್ತಾರೆ. ಎರಡರಲ್ಲೂ ಸತ್ಯ ಇದೆ. ಆದರೆ ಎರಡನ್ನೂ ಕೂಗಿ ಮುಗಿಸಿದ ಮೇಲೆ ಆ ಅಡುಗೆಮನೆಯ ಹಿಂದಿನ ಮಣ್ಣು ಅಲ್ಲೇ ಇರುತ್ತದೆ.

ಜನ ಹೆಚ್ಚಲಿಲ್ಲ, ಮನೆ ಹೆಚ್ಚಿದವು

ಮೊದಲು ಒಂದು ಲೆಕ್ಕ. 2001ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,48,561. ಹತ್ತು ವರ್ಷ ಬಿಟ್ಟು, 2011ರಲ್ಲಿ, 5,54,519. ಇಡೀ ಜಿಲ್ಲೆಗೆ ಹತ್ತು ವರ್ಷದಲ್ಲಿ ಸೇರಿದ್ದು ಆರು ಸಾವಿರಕ್ಕೂ ಕಡಿಮೆ ಜನ. ಶೇಕಡಾ 1ರ ಆಸುಪಾಸು. ಅದೇ ಹೊತ್ತಿಗೆ ಕರ್ನಾಟಕದ ಜನಸಂಖ್ಯೆ ಶೇಕಡಾ 15ಕ್ಕೂ ಜಾಸ್ತಿ ಬೆಳೆದಿತ್ತು. 2021ರ ಜನಗಣತಿ ನಡೆಯಲೇ ಇಲ್ಲ, ಹಾಗಾಗಿ ಜನಗಣತಿಯ ಲೆಕ್ಕ ಇಲ್ಲಿಗೇ ನಿಂತಿದೆ.

ಆದರೆ ಆ ಹತ್ತು ವರ್ಷ ಇಲ್ಲಿದ್ದವರಿಗೆ ಕಣ್ಣಿಗೆ ಕಂಡದ್ದು ಬೇರೆ. ಮಡಿಕೇರಿಯ ಸುತ್ತಿನ ಗುಡ್ಡಗಳ ಮೇಲೆ, ಕುಶಾಲನಗರದ ಗದ್ದೆಗಳಲ್ಲಿ, ಗೋಣಿಕೊಪ್ಪದ ರಸ್ತೆಬದಿಯಲ್ಲಿ ಮನೆ ಏಳುತ್ತಲೇ ಇದ್ದವು. ಜನ ಹೆಚ್ಚದೆ ಮನೆ ಹೇಗೆ ಹೆಚ್ಚುತ್ತದೆ?

ಒಂದು ಕಾರಣ ನಾವೇ. ಒಂದು ಒಕ್ಕದವರೆಲ್ಲ, ಅಂದರೆ ಒಂದೇ ವಂಶದವರೆಲ್ಲ, ಹಿರಿಯರ ಕಾಲದ ಒಂದೇ ಐನ್‌ಮನೆಯಲ್ಲಿ ಇರುತ್ತಿದ್ದ ಕಾಲ ಹೋಗಿ ಬಹಳ ಆಯಿತು. ಅಣ್ಣ ತಮ್ಮಂದಿರು ಬೇರೆಯಾದರೆ ಬೇರೆ ಒಲೆ, ಬೇರೆ ಮನೆ. ಮಗ ಬೆಂಗಳೂರಲ್ಲಿದ್ದರೂ ಊರಲ್ಲಿ ತನ್ನದೊಂದು ಮನೆ ಇರಲಿ ಅಂತಾನೆ. ಇದು ತಪ್ಪಲ್ಲ. ಎರಡನೇ ಕಾರಣ, ತೋಟದ ಕಾರ್ಮಿಕರ ಸಾಲುಮನೆಯಾದ ಲೈನ್‌ಮನೆಯಿಂದ ಹೊರಗೆ ಬಂದವರು. ತಲೆಮಾರುಗಟ್ಟಲೆ ಸಾಹುಕಾರರ ಲೈನ್‌ನಲ್ಲಿ ಬದುಕಿ, ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕಾದವರು, ಎರಡು-ಮೂರು ಸೆಂಟ್ ಸ್ವಂತ ಜಾಗ ಬೇಕು ಅಂತ ಕೇಳುತ್ತಾ ಬಂದಿದ್ದಾರೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿ ಕುಟುಂಬಗಳ ಗುಡಿಸಲು ತೆರವು ಮಾಡಿದಾಗ ರಾಜ್ಯಕ್ಕೆಲ್ಲ ಕಂಡದ್ದು ಈ ಕಥೆಯೇ. ಮೂರನೇ ಕಾರಣ ರಜೆಯ ಮನೆ, ವಿಲ್ಲಾ, ಹೋಂಸ್ಟೇ.

ಈ ಮೂರೂ ಕಟ್ಟುವಾಗ ಕಾಗದದ ಮೇಲೆ ಹೆಚ್ಚಾಗಿ ಒಂದೇ: 'ವಾಸದ ಮನೆ'. ನನ್ನ ಮಟ್ಟಿಗೆ ಎಲ್ಲ ಗೊಂದಲದ ಬೇರು ಇಲ್ಲಿದೆ. ನಾಲ್ಕು ಜನ ವರ್ಷಪೂರ್ತಿ ಬದುಕುವ ಎಂಟುನೂರು ಚದರ ಅಡಿಯ ಮನೆಗೂ, ವರ್ಷದಲ್ಲಿ ಹೆಚ್ಚಿನ ದಿನ ಬೀಗ ಹಾಕಿರುವ, ಬೀಗ ತೆಗೆದ ದಿನ ಆರು ಕಾರು ಬಂದು ನಿಲ್ಲುವ ಮನೆಗೂ ಆ ಕಾಗದ ಹೆಚ್ಚು ವ್ಯತ್ಯಾಸ ಮಾಡುವುದಿಲ್ಲ. ಬೀದಿ ಮಾಡುತ್ತದೆ. ಅಕ್ಕಪಕ್ಕದವರು ಮಾಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಕ್ಯಾಂಪ್‌ಫೈರ್ ಹಾಡು ಶುರುವಾದಾಗ ಯಾವುದು ಮನೆ, ಯಾವುದು ವ್ಯಾಪಾರ ಅಂತ ಯಾರೂ ಕಾಯ್ದೆ ಪುಸ್ತಕ ನೋಡಿ ಹೇಳಬೇಕಾಗಿಲ್ಲ.

ಜಾಗ ಮಾರುಕಟ್ಟೆಗೆ ಬಂದದ್ದು ಹೇಗೆ

2020ರಲ್ಲಿ, ಬೇಸಾಯ ಮಾಡದವರು ಕೃಷಿ ಜಮೀನು ಕೊಳ್ಳುವುದಕ್ಕೆ ತಡೆಯಾಗಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದಾಗ ಕೊಡಗಿನಲ್ಲಿ ಬಹಳ ಜನ "ಇನ್ನು ಮುಗೀತು, ಯಾರು ಬೇಕಾದರೂ ತೋಟ ತಗೋಬಹುದು" ಎಂದರು. ಆದರೆ ಕಾಫಿ ತೋಟಕ್ಕೆ ಆ ತಡೆ ಮೊದಲೂ ಇರಲಿಲ್ಲ. ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಚಹಾದಂಥ ಪ್ಲಾಂಟೇಶನ್ ಬೆಳೆಯ ಜಮೀನಿಗೆ ಅದೇ ಕಾಯ್ದೆಯ 104ನೇ ಕಲಂ ವಿನಾಯಿತಿ ಕೊಟ್ಟಿತ್ತು. ಬೇಸಾಯ ಮಾಡದವರು ಕೊಳ್ಳಲಾಗದೆ ಇದ್ದದ್ದು ಗದ್ದೆ. 2020ರ ಬದಲಾವಣೆಯ ನಿಜವಾದ ಪೆಟ್ಟು ಬೀಳುವುದು ಗದ್ದೆಯ ಮೇಲೆ. ನಾವು ತೋಟದ ಬಗ್ಗೆ ಕೂಗುತ್ತಿದ್ದೆವು. ಗದ್ದೆಯ ಬಗ್ಗೆ ಮಾತಾಡಿದವರು ಕಡಿಮೆ.

ಇನ್ನೊಂದು ವಿಚಿತ್ರ ಇದೆ. ಕೊಡಗಿನ ಜಮ್ಮಾ ಜಮೀನು, ಅಂದರೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ, ಒಕ್ಕದ ಹೆಸರಲ್ಲಿ, ಒಕ್ಕದ ಹಿರಿಯರಾದ ಪಟ್ಟೆದಾರರ ಹೆಸರಲ್ಲಿ ನಡೆದುಬಂದದ್ದು. ಆರ್‌ಟಿಸಿಯಲ್ಲಿ ಯಾವತ್ತೋ ತೀರಿಹೋದ ಹಿರಿಯರ ಹೆಸರು ಇನ್ನೂ ಇರುವುದು ಅಪರೂಪವೇನಲ್ಲ. ಬಾಣೆ, ಅಂದರೆ ಗದ್ದೆಗೆ ಸೇರಿದ ಮರಗಳಿರುವ ಎತ್ತರದ ಜಮೀನು; ಅದರ ಒಡೆತನದ ಪ್ರಶ್ನೆ ನ್ಯಾಯಾಲಯದವರೆಗೆ ಹೋಗಿ, 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿಯನ್ನೇ ತರಬೇಕಾಯಿತು. ಹೀಗಿರುವಾಗ ಊರಿನ ಹುಡುಗನೊಬ್ಬ ತನ್ನ ಪಾಲಿನ ಜಾಗದಲ್ಲಿ ಸಣ್ಣ ಮನೆ ಕಟ್ಟಲು ಬ್ಯಾಂಕಿಗೆ ಹೋದರೆ ಕಾಗದ ಸರಿಯಿಲ್ಲ ಎನ್ನುತ್ತಾರೆ. ಕನ್ವರ್ಷನ್ ಆಗುವುದಿಲ್ಲ, ಸಾಲ ಸಿಗುವುದಿಲ್ಲ. ಅದೇ ಸ್ವಚ್ಛ ದಾಖಲೆಯ ಒಂದು ದೊಡ್ಡ ತೋಟ ಇದ್ದರೆ, ಅದನ್ನು ಕೊಂಡು ತುಂಡು ಮಾಡಿ 'ಕಾಫಿಯ ನಡುವೆ ನಿಮ್ಮ ಮನೆ' ಅಂತ ಮಾರುವವರಿಗೆ ದಾರಿ ಸಲೀಸು. ಇಲ್ಲಿ ಬದುಕುವವನಿಗೆ ಮನೆ ಕಟ್ಟುವುದು ಕಷ್ಟ, ಬಂದುಹೋಗುವವನಿಗೆ ಸುಲಭ. ಇಂಥ ವ್ಯವಸ್ಥೆಯನ್ನು ಯಾರೂ ಕೂತು ಬರೆದದ್ದಲ್ಲ, ತಾನಾಗಿ ಹೀಗೆ ಬಂದು ನಿಂತಿದೆ.

ಇನ್ನು ಜಾಗ ಕೊಳ್ಳಲಾಗದವರು ಎಲ್ಲಿಗೆ ಹೋದರು? ಪೈಸಾರಿಗೆ. ಅಂದರೆ ಸರ್ಕಾರಿ ಜಾಗಕ್ಕೆ. ಊರ ಹತ್ತಿರದ ಪೈಸಾರಿ ಅಂದರೆ ಹೆಚ್ಚಾಗಿ ಬೇರೆ ಯಾರಿಗೂ ಬೇಡವಾದ ಕಡಿದಾದ ಇಳಿಜಾರು. ಅಲ್ಲಿ ಮೊದಲು ಶೀಟ್ ಮನೆ, ಆಮೇಲೆ ಕರೆಂಟು, ಆಮೇಲೆ ಭೂಕಂದಾಯ ಕಾಯ್ದೆಯ 94ಸಿ ಅಥವಾ 94ಸಿಸಿ ಅಡಿ ಹಕ್ಕುಪತ್ರ. ಹಕ್ಕುಪತ್ರ ಸಿಕ್ಕರೆ ಕಾಂಕ್ರೀಟು. ಅಷ್ಟರಲ್ಲಿ ಅದೊಂದು ಬಡಾವಣೆ. ಆ ಜನಕ್ಕೆ ಹಕ್ಕುಪತ್ರ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪತ್ರದಲ್ಲಿ ಗುಡ್ಡ ನಿಲ್ಲುತ್ತದೋ ಇಲ್ಲವೋ ಅನ್ನುವ ಸಾಲು ಇರುವುದಿಲ್ಲ.

ಮಣ್ಣು ತನ್ನ ಲೆಕ್ಕ ಕೇಳಿದ ವರ್ಷಗಳು

2018ರ ಆಗಸ್ಟ್ ಮಧ್ಯದಲ್ಲಿ ಏನಾಯಿತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳೇ ಜಾರಿದವು. ಮಡಿಕೇರಿ ಪೇಟೆಯೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರದ ಮನೆಗಳು ಬಿದ್ದವು. ಪೇಟೆಯಲ್ಲಿ ಬಿದ್ದದ್ದು ಬಹುಪಾಲು ಇಂಥ ಇಳಿಜಾರಿನ ಬಡಾವಣೆಗಳಲ್ಲೇ ಅನ್ನುವುದನ್ನು ಗಮನಿಸಿ.

ಆಮೇಲೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಮಳೆಯನ್ನಷ್ಟೇ ದೂರಲಿಲ್ಲ. ರಸ್ತೆಗೆ, ಮನೆಗೆ ಅಂತ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದು, ನೀರು ಹರಿಯುವ ಸಹಜ ದಾರಿಗಳನ್ನು ಮುಚ್ಚಿದ್ದು ಕಾರಣ ಎಂದರು. ಇದನ್ನು ಅರ್ಥ ಮಾಡಿಕೊಳ್ಳಲು ದೊಡ್ಡ ವಿಜ್ಞಾನ ಬೇಡ. ನಮ್ಮ ಗುಡ್ಡದಲ್ಲಿ ಬಂಡೆಯ ಮೇಲೆ ದಪ್ಪಗೆ ಸಡಿಲ ಕೆಂಪು ಮಣ್ಣು ಇದೆ. ಮೇಲಿನ ಮಣ್ಣನ್ನು ಕೆಳಗಿನ ಮಣ್ಣು ಆನಿಕೊಂಡು ಹಿಡಿದಿರುತ್ತದೆ. ಕೆಳಗಿನದನ್ನು ಕಡಿದರೆ ಆಸರೆ ಹೋಯಿತು. ಕಡಿದ ಮಣ್ಣನ್ನು ಮುಂದಕ್ಕೆ ಸುರಿದರೆ ಅದು ಯಾವತ್ತೂ ಹಳೇ ಮಣ್ಣಿನ ಹಾಗೆ ಕೂರುವುದಿಲ್ಲ. ಇದರ ಮೇಲೆ ಬಚ್ಚಲ ನೀರು, ಸೂರಿನ ನೀರು, ಶೌಚದ ಗುಂಡಿಯ ನೀರು ಇಳಿಯುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಎಂಟು ದಿನ ಬಿಡದೆ ಹೊಯ್ದರೆ ಮಣ್ಣಿನೊಳಗೆ ನೀರು ತುಂಬಿ, ಮಣ್ಣಿನ ಕಾಳು ಕಾಳು ಹಿಡಿತ ಬಿಡುತ್ತದೆ. ಕೊಲ್ಲಿಯ, ಅಂದರೆ ಗುಡ್ಡದ ಸಣ್ಣ ತೊರೆಯ, ಬಾಯಿ ಮುಚ್ಚಿ ಅದರ ಮೇಲೆ ಸೈಟ್ ಮಾಡಿದ್ದರೆ ಆ ನೀರು ಬೇರೆ ದಾರಿ ಹುಡುಕುತ್ತದೆ. ಸಿಗುವ ದಾರಿ ಯಾರದೋ ಮನೆ.

ಮರುವರ್ಷ, 2019ರಲ್ಲಿ, ವಿರಾಜಪೇಟೆಯ ಅಯ್ಯಪ್ಪ ಬೆಟ್ಟ, ಮಲೆತಿರಿಕೆ ಬೆಟ್ಟದಲ್ಲಿ ಬಿರುಕು ಕಂಡು ಅಲ್ಲಿನ ಜನರನ್ನು ಬೇರೆಡೆಗೆ ಕಳಿಸಬೇಕಾಯಿತು. ತೋರದಲ್ಲಿ ಗುಡ್ಡ ಕುಸಿದು ಜೀವ ಹೋಯಿತು. ಕುಶಾಲನಗರದ ಕಥೆ ತಿರುಗಾ ಬೇರೆ. ಮಡಿಕೇರಿಯಿಂದ ಮೂವತ್ತು ಕಿಲೋಮೀಟರ್ ಕೆಳಗೆ, ಮಡಿಕೇರಿಯ ಮಳೆಯ ಅರ್ಧವೂ ಅಲ್ಲಿ ಬೀಳುವುದಿಲ್ಲ. ಗುಡ್ಡ ಇಲ್ಲ, ಬರೆ ಇಲ್ಲ. ಸಮತಟ್ಟು ಜಾಗ, ಅದಕ್ಕೇ ಅಲ್ಲಿ ಲೇಔಟ್‌ಗಳು ಎದ್ದವು. ಆದರೆ ಆ ಸಮತಟ್ಟು ಕಾವೇರಿಯ ದಡದ್ದು. ಮೇಲೆ ಸುರಿದ ಮಳೆ ಹೊಳೆಯಾಗಿ ಬಂದಾಗ ಸಾಯಿ ಬಡಾವಣೆ, ಕುವೆಂಪು ಬಡಾವಣೆಯ ಮನೆಗಳಿಗೆ ನೀರು ನುಗ್ಗಿತು. 2018ರಲ್ಲಿ, ಮತ್ತೆ 2019ರಲ್ಲಿ.

ಹಾಗಾಗಿ 'ಇಡೀ ಕೊಡಗಿಗೆ ಒಂದೇ ನಿಯಮ' ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಮಡಿಕೇರಿಯಲ್ಲಿ ಕೇಳಬೇಕಾದ ಪ್ರಶ್ನೆ ಇಳಿಜಾರು ಎಷ್ಟು, ಕುಶಾಲನಗರದಲ್ಲಿ ಕೇಳಬೇಕಾದದ್ದು ಹೊಳೆಯಿಂದ ಎಷ್ಟು ಎತ್ತರ.

ತಡೆಗೋಡೆ ಇದ್ದರೆ ಸಾಕು ಅನ್ನುವವರಿಗೆ ಒಂದು ಮಾತು. 2022ರ ಮಳೆಗಾಲದಲ್ಲಿ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ಕೆಳಗಿನ, ಮಂಗಳೂರು ರಸ್ತೆ ಬದಿಯ ಹೊಸ ತಡೆಗೋಡೆಯೇ ಉಬ್ಬಿ ನಿಂತು ಆ ರಸ್ತೆಯ ಸಂಚಾರ ನಿಲ್ಲಿಸಬೇಕಾಯಿತು. ಸರ್ಕಾರದ ದುಡ್ಡು, ಇಂಜಿನಿಯರು ಎಲ್ಲ ಇದ್ದೂ ಹೀಗೆ. ಐದು ಸೆಂಟ್ ಮನೆಯವನ ತಡೆಗೋಡೆಯ ಮೇಲೆ ಎಷ್ಟು ಭರವಸೆ ಇಡುವುದು?

ಹೆಂಚು ಹಾಕಿದರೆ ಕೊಡಗಿನ ಮನೆ ಆಗುತ್ತದಾ?

ಈಗ 'ಊರಿನ ಗುಣ' ಅನ್ನುವ ವಿಷಯ. ಹಳೇ ಬೀದಿಯ ಚೆಂದ ಉಳಿಯಬೇಕು ಅಂದಾಗ ಎಲ್ಲರ ಕಣ್ಣಿಗೆ ಬರುವುದು ಮಂಗಳೂರು ಹೆಂಚು, ಮರದ ಕಂಬ, ಉದ್ದ ಜಗಲಿ. ಮಡಿಕೇರಿಯ ಮಹದೇವಪೇಟೆಯ ಕಡೆ ಹಳೇ ಅಂಗಡಿ-ಮನೆಗಳು, ಕೋಟೆಯ ಸುತ್ತಿನ ಹಳೇ ಬಂಗಲೆಗಳು ಒಂದೊಂದಾಗಿ ಹೋಗಿ ಗಾಜು-ಕಾಂಕ್ರೀಟು ಬಂದಾಗ ಹೊಟ್ಟೆ ಉರಿಯುತ್ತದೆ, ನಿಜ. ನನಗೂ ಉರಿಯುತ್ತದೆ. ಆದರೆ ಹೆಂಚನ್ನೇ ಗುಣ ಅಂದುಕೊಂಡರೆ ಮೋಸ ಹೋಗುತ್ತೇವೆ. ಈಗಿನ ರೆಸಾರ್ಟ್, ವಿಲ್ಲಾಗಳನ್ನು ನೋಡಿ. ಹೆಂಚು ಇದೆ, ಕಂಬ ಇದೆ, ಬಾಗಿಲಿಗೆ ಹಿತ್ತಾಳೆ ಕೂಡ ಇದೆ. ಐನ್‌ಮನೆಯ ಹಾಗೇ ಕಾಣಬೇಕು ಅಂತ ಖರ್ಚು ಮಾಡಿದ್ದಾರೆ. ಹಿಂದೆ ಮೂವತ್ತು ಅಡಿ ಬರೆ ಕಡಿದಿದ್ದಾರೆ.

ಅದೇ ನಿಜವಾದ ಐನ್‌ಮನೆ ಎಲ್ಲಿದೆ ನೋಡಿ. ಕೆಳಗೆ ಗದ್ದೆ, ಹಿಂದೆ ಬಾಣೆ, ಎರಡರ ನಡುವೆ ಸ್ವಲ್ಪ ಎತ್ತರದ ಗಟ್ಟಿ ನೆಲ. ಮನೆಯ ಮುಂದಿನ ಜಗಲಿಯಲ್ಲಿ ಕೂತರೆ ಗದ್ದೆ ಕಾಣಬೇಕು. ಗುಡ್ಡದ ನೆತ್ತಿಯಲ್ಲಿ 'ವ್ಯೂ' ನೋಡಲು ಯಾರೂ ಐನ್‌ಮನೆ ಕಟ್ಟಲಿಲ್ಲ. ಅಲ್ಲಿ ಗಾಳಿ ಹೊಡೆತ, ನೀರಿಲ್ಲ, ಮಣ್ಣು ಸಡಿಲ. ನೀರು ಹರಿಯುವ ಕೊಲ್ಲಿಯನ್ನು ಬಿಟ್ಟು, ಮರ ಇರುವ ಬಾಣೆಯನ್ನು ಹಿಂದೆ ಉಳಿಸಿಕೊಂಡು ಕಟ್ಟಿದರು. ಮನೆಯ ಗುಣ ಇದ್ದದ್ದು ಅದು ಕೂತ ಜಾಗದಲ್ಲಿ. ಈಗ ಆ ಜಾಗದ ಬುದ್ಧಿಯನ್ನು ಬಿಟ್ಟು ಹೆಂಚನ್ನು ಮಾತ್ರ ಹಿಡಿದುಕೊಂಡಿದ್ದೇವೆ. ದೇವರಕಾಡುಗಳೂ ಹಾಗೇ. ಜಿಲ್ಲೆಯಲ್ಲಿ ಸಾವಿರಕ್ಕೂ ಮೀರಿ ದೇವರಕಾಡುಗಳಿವೆ. ಭಕ್ತಿಯ ಜೊತೆ ಅವು ಮಳೆನೀರು ನೆಲಕ್ಕಿಳಿಯುವ ಜಾಗಗಳೂ ಹೌದು.

ಇನ್ನೊಂದು, ಗುಣ ಅನ್ನುವುದು ಬರೀ ಕಟ್ಟಡವೂ ಅಲ್ಲವಲ್ಲ. ಮಡಿಕೇರಿ ದಸರೆಯಲ್ಲಿ ನಾಲ್ಕು ಕರಗಗಳು ಊರೊಳಗೆ ಮನೆಮನೆಗೆ ಬರುತ್ತವೆ. ಬಾಗಿಲಲ್ಲಿ ನೀರು ಹಾಕಿ, ಆರತಿ ಹಿಡಿದು ಕಾಯುವ ಮನೆಗಳು ಬೇಕು. ಬೀಗ ಹಾಕಿದ ಗೇಟಿನ ಮುಂದೆ ಕರಗ ಏನು ಮಾಡಬೇಕು? ಬೀದಿಯಲ್ಲಿ ಐದು ಮನೆ ಹೋಂಸ್ಟೇ ಆದರೆ ಕಟ್ಟಡಗಳು ಹಾಗೇ ಇರುತ್ತವೆ, ಹೆಂಚೂ ಹಾಗೇ ಇರುತ್ತದೆ, ಸಾವಿಗೆ ಬರುವವರು, ಮದುವೆಗೆ ಬಡಿಸುವವರು ಇರುವುದಿಲ್ಲ.

(ಕಾಂಕ್ರೀಟು ಬಂದ ಮೇಲೂ ಮಳೆ ಮಾತ್ರ ಬದಲಾಗಲಿಲ್ಲ. ತಾರಸಿ ಸೋರಿ ಸೋರಿ ಸಾಕಾಗಿ, ಈಗ ಎಲ್ಲರೂ ಅದರ ಮೇಲೆ ಮತ್ತೆ ಇಳಿಜಾರಾಗಿ ಶೀಟ್ ಹೊದಿಸುತ್ತಾರೆ. ಅಂದರೆ ಎರಡು ಸೂರಿಗೆ ದುಡ್ಡು. ಅಜ್ಜನಿಗೆ ಒಂದೇ ಸಾಕಾಗಿತ್ತು.)

ನಿಯಮ ಇದೆ, ಅಳತೆ ತಪ್ಪಿದೆ

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಅಂದರೆ ಕೊಡಗಿನಲ್ಲಿ ಇವತ್ತಿಗೂ ಬಿಸಿ ಬಿಸಿ. ಕಸ್ತೂರಿರಂಗನ್ ವರದಿ 2013ರಲ್ಲಿ ಬಂತು. ಅದರ ಪ್ರಕಾರ ಜಿಲ್ಲೆಯ 55 ಗ್ರಾಮಗಳು ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿ ಬರುತ್ತವೆ. "ಮನೆಗೆ ಒಂದು ಕೋಣೆ ಸೇರಿಸಲೂ ಬಿಡುವುದಿಲ್ಲ" ಅಂತ ಊರೂರಲ್ಲಿ ಹೇಳಿದರು, ಜನ ನಂಬಿದರು, ವಿರೋಧ ಎದ್ದಿತು. ಕರಡು ಅಧಿಸೂಚನೆ ಮತ್ತೆ ಮತ್ತೆ ಹೊರಟಿತು. ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ, 2024ರ ಜುಲೈ 31ರಂದು, ಇನ್ನೊಂದು ಸಲ ಹೊರಟಿತು.

ಕರಡಿನಲ್ಲಿ ಕಟ್ಟಡದ ಬಗ್ಗೆ ಏನಿದೆ? 20,000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಕಟ್ಟಡ ಯೋಜನೆಗೆ ತಡೆ. 50 ಹೆಕ್ಟೇರ್ ಮತ್ತು ಮೇಲ್ಪಟ್ಟ ಟೌನ್‌ಶಿಪ್‌ಗೆ ತಡೆ. 20,000 ಚದರ ಮೀಟರ್ ಅಂದರೆ 2 ಲಕ್ಷ 15 ಸಾವಿರ ಚದರ ಅಡಿ. ತಲಾ 2,000 ಚದರ ಅಡಿಯ ನೂರು ವಿಲ್ಲಾ ಸೇರಿಸಿದರೂ ಆ ಗೆರೆ ಮುಟ್ಟುವುದಿಲ್ಲ. ಹಾಗಾದರೆ ಕೋಣೆ ಸೇರಿಸಲು ಹೆದರಿದ ರೈತನೂ ತಪ್ಪು ತಿಳಿದಿದ್ದ, ಇದು ಬಂದರೆ ಲೇಔಟ್ ನಿಲ್ಲುತ್ತದೆ ಅಂತ ನಂಬಿದ ಪರಿಸರವಾದಿಯೂ ತಪ್ಪು ತಿಳಿದಿದ್ದ. ನಮ್ಮಲ್ಲಿ ಗುಡ್ಡ ಬೀಳಿಸುವುದು ಇಷ್ಟು ದೊಡ್ಡ ಯೋಜನೆಗಳಿಗಿಂತ ಜಾಸ್ತಿ ಐದು ಸೆಂಟ್, ಹತ್ತು ಸೆಂಟಿನ ನೂರಾರು ಕಡಿತಗಳು. ಆ ಅಳತೆಗೆ ಈ ಬಲೆಯ ಕಣ್ಣು ದೊಡ್ಡದಾಯಿತು.

ಇನ್ನು ಹೊರಗಿನವರಿಗೆ ಜಾಗ ಮಾರಬಾರದು ಅನ್ನುವ ಬೇಡಿಕೆ. ಹಿಮಾಚಲದಲ್ಲಿ ಇದೆಯಲ್ಲ ಅನ್ನುತ್ತಾರೆ. ಹೌದು, ಅಲ್ಲಿನ 1972ರ ಕಾಯ್ದೆಯ 118ನೇ ಕಲಂ ಕೃಷಿಕರಲ್ಲದವರಿಗೆ ಜಮೀನು ಹೋಗುವುದನ್ನು ತಡೆಯುತ್ತದೆ. ಆದರೆ ಶಿಮ್ಲಾದ ಗುಡ್ಡಗಳನ್ನು ನೋಡಿ. ನಲವತ್ತಕ್ಕೂ ಹೆಚ್ಚು ವರ್ಷ ಆ ಕಾಯ್ದೆ ಇದ್ದೂ ಮನೆಯ ಮೇಲೆ ಮನೆ ಎದ್ದು, 2017ರಲ್ಲಿ ಹಸಿರು ನ್ಯಾಯಮಂಡಳಿ ಎರಡು ಮಹಡಿ, ಮೇಲೊಂದು ಅಟ್ಟ, ಅಷ್ಟೇ ಅಂತ ಹೇಳಬೇಕಾಯಿತು. ಅದೂ ಕೊನೆಗೆ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಯಾರ ಹೆಸರಲ್ಲಿ ಜಾಗ ಇದೆ ಅನ್ನುವುದು ಮಣ್ಣಿಗೆ ಗೊತ್ತಾಗುವುದಿಲ್ಲ. ನಮ್ಮವನು ಕಡಿದರೂ ಬರೆ ಬರೆಯೇ. ಈ ಮಾತು ಹೇಳಿದರೆ ಊರಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ, ಗೊತ್ತು.

ಗದ್ದೆಯ ವಿಷಯದಲ್ಲಿ ಪಕ್ಕದ ಕೇರಳ ನಮಗಿಂತ ಮುಂದಿದೆ. ಗದ್ದೆ ಮತ್ತು ಜೌಗು ಜಾಗ ಉಳಿಸಲು 2008ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿತು. 2020ರಲ್ಲಿ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ಮಾಲೀಕರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ಕೊಡಲು ಶುರುಮಾಡಿತು. ಮೊತ್ತ ಪುಡಿಗಾಸು, ಒಪ್ಪೋಣ. ಆದರೆ ಗದ್ದೆ ನೀರು ಹಿಡಿಯುವ ಕೆಲಸ ಮಾಡುತ್ತದೆ, ಆ ಕೆಲಸಕ್ಕೆ ಕೂಲಿ ಇದೆ ಅಂತ ಒಂದು ಸರ್ಕಾರ ಒಪ್ಪಿಕೊಂಡಿತಲ್ಲ. ನಮ್ಮಲ್ಲಿ ಗದ್ದೆ ಮಾಡಿದರೆ ಕೂಲಿಗೂ ಹುಟ್ಟುವುದಿಲ್ಲ. ಆನೆ ತುಳಿಯುತ್ತದೆ, ಹಂದಿ ಅಗೆಯುತ್ತದೆ. ಪಾಳು ಬಿಟ್ಟ ಗದ್ದೆಗೆ ಸೈಟಿನ ರೇಟು ಬಂದಾಗ "ಮಾರಬೇಡ, ಪರಿಸರ ಹಾಳಾಗುತ್ತೆ" ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಎಲ್ಲಿ ಕಟ್ಟುವುದು?

ಕಟ್ಟಲೇಬೇಡಿ ಅನ್ನುವವರ ಮನೆ ಆಗಲೇ ಆಗಿರುತ್ತದೆ. ಅದು ಸುಲಭದ ನಿಲುವು. 2018ರ ನಂತರ ಸರ್ಕಾರ ಕರ್ಣಂಗೇರಿ, ಜಂಬೂರು, ಮದೆನಾಡು ಕಡೆಗಳಲ್ಲಿ ಮನೆ ಕಳೆದುಕೊಂಡವರಿಗೆ ಹೊಸ ಕಾಲೊನಿ ಕಟ್ಟಿತು. ಸಾಲು ಸಾಲು ಒಂದೇ ಥರದ ಎರಡು ಕೋಣೆಯ ಮನೆಗಳು. ಸುರಕ್ಷಿತ ನೆಲ ಸಿಕ್ಕಿತು, ಅದು ದೊಡ್ಡ ಮಾತು. ಆದರೆ ತೋಟ ಒಂದು ಕಡೆ, ಮನೆ ಇನ್ನೊಂದು ಕಡೆ. ಹಳೇ ಊರಿನ ನೆರೆಹೊರೆ ಮೂರು ಕಾಲೊನಿಗೆ ಹಂಚಿಹೋಯಿತು. ಗುಡ್ಡ ಬಿದ್ದ ಮೇಲೆ ಜಾಗ ಹುಡುಕಲು ಹೊರಟರೆ ಇಷ್ಟೇ ಸಾಧ್ಯ. ಬೀಳುವ ಮೊದಲೇ ಹುಡುಕಿದ್ದರೆ ಪೈಸಾರಿಯ ಕಡಿದಾದ ಇಳಿಜಾರಿಗೆ ಹೋಗುವವರಿಗೆ ಊರ ಹತ್ತಿರವೇ ಸಮ ಜಾಗ ಕೊಡಬಹುದಿತ್ತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಡಿಕೇರಿ, ವಿರಾಜಪೇಟೆಯಂಥ ಪೇಟೆಗಳೊಳಗೆ ಗಟ್ಟಿ ನೆಲದ ಹಳೇ ಜಾಗಗಳು ಇನ್ನೂ ಇವೆ. ದೊಡ್ಡ ಕಾಂಪೌಂಡಿನ ನಡುವೆ ಇಬ್ಬರು ವಯಸ್ಸಾದವರು ಮಾತ್ರ ಇರುವ ಮನೆಗಳಿವೆ. ಅಲ್ಲಿ ಹಿಂಬದಿಗೆ ಒಂದು ಸಣ್ಣ ಮನೆ, ಅಥವಾ ಮೇಲೊಂದು ಮಹಡಿ ಬಂದರೆ ಬೀದಿಯ ಗುಣ ಕೆಡುವುದಿಲ್ಲ. ಬಾಡಿಗೆಗೆ ಮೇಷ್ಟ್ರು ಬರುತ್ತಾರೆ, ನರ್ಸ್ ಬರುತ್ತಾರೆ, ಸಂಜೆ ದೀಪ ಹತ್ತುತ್ತದೆ. ಇಂಥದ್ದಕ್ಕೆ ಅನುಮತಿ ಬೇಗ ಸಿಗಬೇಕು, ಕಾಗದದ ಓಡಾಟ ಕಡಿಮೆ ಆಗಬೇಕು. ಬೀದಿಯವರು ಇದಕ್ಕೂ ಅಡ್ಡ ಹಾಕಿದರೆ ಆ ಮೇಷ್ಟ್ರು ಗುಡ್ಡದ ಮೇಲಿನ ಹೊಸ ಕಡಿತಕ್ಕೇ ಹೋಗುತ್ತಾರೆ.

ರಜೆಯ ವಿಲ್ಲಾ ಮತ್ತು ಹೋಂಸ್ಟೇ ಲೇಔಟುಗಳನ್ನು ವ್ಯಾಪಾರ ಅಂತಲೇ ಲೆಕ್ಕ ಹಾಕಬೇಕು. ನೀರಿನ ದರ, ಕಸದ ದರ, ತೆರಿಗೆ ಎಲ್ಲ ಆ ಲೆಕ್ಕದಲ್ಲೇ. 3,000 ಮಿಲಿಮೀಟರ್ ಮಳೆ ಬೀಳುವ ಮಡಿಕೇರಿ ಏಪ್ರಿಲ್‌ನಲ್ಲಿ ಪೇಟೆಗೆ ನೀರು ಕೊಡುವ ಕೂಟುಪೊಳೆ, ಕುಂಡಾಮೇಸ್ತ್ರಿ ಯೋಜನೆಗಳ ನೀರಿಗಾಗಿ ಕೊಡ ಹಿಡಿದು ಕಾಯುತ್ತದೆ. ವಾರಾಂತ್ಯದಲ್ಲಿ ಅದೇ ನೀರನ್ನು ಎಷ್ಟು ಬಚ್ಚಲುಗಳು ಎಳೆಯುತ್ತವೆ ಅಂತ ಯಾರಾದರೂ ಅಳೆದಿದ್ದಾರಾ? ಅಪ್ಪ-ಅಮ್ಮನ ಮನೆಯಲ್ಲಿ ಎರಡು ಕೋಣೆ ಬಿಟ್ಟುಕೊಟ್ಟು ಮಕ್ಕಳ ಫೀಸು ಕಟ್ಟುವವರನ್ನು ಇದರಲ್ಲಿ ಸೇರಿಸಬಾರದು. ಹೋಂಸ್ಟೇ ಅನ್ನುವ ಹೆಸರು ಮೊದಲು ಅವರದ್ದೇ ಆಗಿತ್ತು.

ಮತ್ತೆ ಬರೆ. ಪ್ಲಾನ್ ಅನುಮತಿಗೆ ಹೋದಾಗ ಮನೆಯ ಎತ್ತರ, ಸುತ್ತ ಬಿಡುವ ಜಾಗ, ಎಷ್ಟು ಮಹಡಿ ಎಲ್ಲ ಕೇಳುತ್ತಾರೆ. ಎಷ್ಟು ಅಡಿ ಬರೆ ಕಡಿಯುತ್ತೀರಿ, ಕಡಿದ ಮಣ್ಣು ಎಲ್ಲಿ ಹಾಕುತ್ತೀರಿ, ನಿಮ್ಮ ಸೂರಿನ ನೀರು ಯಾವ ತೋಡಿಗೆ ಹೋಗುತ್ತದೆ ಅಂತ ಮೊದಲು ಕೇಳಬೇಕು. ಇಳಿಜಾರಿನಲ್ಲಿ ಕಂಬ ನಿಲ್ಲಿಸಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದರೆ ಬರೆ ಕಡಿಯುವುದು ಎಷ್ಟೋ ತಪ್ಪುತ್ತದೆ. ಖರ್ಚು ಸ್ವಲ್ಪ ಜಾಸ್ತಿ. ತಡೆಗೋಡೆಯ ಖರ್ಚು ಸೇರಿಸಿ ನೋಡಿದರೆ ಅಷ್ಟೇನೂ ಇಲ್ಲ ಅನ್ನುತ್ತಾರೆ ಅನುಭವ ಇರುವ ಮೇಸ್ತ್ರಿಗಳು. ತಡೆಗೋಡೆ ಬೇಕೇ ಬೇಕು ಅಂದರೆ ಅದು ಮೊದಲು ಏಳಬೇಕು, ಮನೆ ಆಮೇಲೆ.

ನಮ್ಮ ಬೀದಿಯ ಆಂಟಿ ಆ ಮಳೆಗಾಲ ಮುಗಿಯುವವರೆಗೆ ಮುಂದಿನ ಕೋಣೆಯಲ್ಲೇ ಅಡುಗೆ ಮಾಡಿದರು. ಮೇಲಿನ ಮಣ್ಣಿಗೆ ನೀಲಿ ಟಾರ್ಪಾಲ್ ಹೊದಿಸಿ, ಹಳೇ ಟೈರು ಇಟ್ಟಿದ್ದರು. ಎರಡು ಸಲ ಸ್ವಲ್ಪ ಜಾರಿತು, ಅವರ ಬಾಳೆಗಿಡ ಎರಡು ಹೋದವು, ಅಷ್ಟೇ. ಕಂಟ್ರಾಕ್ಟರ್ ಮಾತಿಗೆ ತಪ್ಪಲಿಲ್ಲ. ಈ ಬೇಸಿಗೆಯಲ್ಲಿ ಬಂದು ಗೋಡೆ ಕಟ್ಟಿದ. ಒಳ್ಳೇ ಕಲ್ಲಿನ ಗೋಡೆ. ಒಳಗೆ ನೀರು ನಿಲ್ಲಬಾರದು ಅಂತ ನಡುನಡುವೆ ಪೈಪ್ ಕೂಡ ಇಟ್ಟಿದ್ದಾನೆ. ಎಲ್ಲ ಪೈಪಿನ ಬಾಯಿಯೂ ಆಂಟಿಯ ಹಿತ್ತಲಿಗೇ ಇವೆ.